ನಡುವಯಸ್ಸಿನಲ್ಲಿ ಬರುವ ಶಿಶ್ನದ ಬಾಗು: ಯಾವಾಗ ಯಾವ ಚಿಕಿತ್ಸೆ?

ಎಲ್ಲರಿಗೂ ನಮಸ್ಕಾರ.

ಸಹಕಾರ ಸಂಘದ ಈ ಸಭಾಂಗಣದಲ್ಲಿ ಅಡಿಕೆಯ ಕೊಳೆ ರೋಗ, ಎಲೆಚುಕ್ಕಿ ರೋಗದ ಬಗ್ಗೆ ಎಷ್ಟೋ ಸಭೆ ನಡೆದಿವೆ. ಗಂಡಸರು ಯಾರ ಹತ್ತಿರವೂ ಹೇಳಿಕೊಳ್ಳದ ಒಂದು ಕಾಯಿಲೆಯ ಬಗ್ಗೆ ಮಾತಾಡಲು ಇವತ್ತು ಕರೆದಿದ್ದೀರಿ. ತುಂಬಾ ಸಂತೋಷ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆಯಿಂದೆಲ್ಲ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಅಕ್ಕಂದಿರೂ ಕೂತಿದ್ದಾರೆ. ದಯವಿಟ್ಟು ಎದ್ದು ಹೋಗಬೇಡಿ. ಇದು ಗಂಡ ಹೆಂಡತಿ ಇಬ್ಬರೂ ಕೇಳಬೇಕಾದ ವಿಷಯ.

ನೇರವಾಗಿ ಹೇಳಿಬಿಡುತ್ತೇನೆ. ಅಷ್ಟು ವರ್ಷ ಸರಿಯಾಗಿದ್ದ ಶಿಶ್ನ 40-50 ದಾಟಿದ ಮೇಲೆ ನಿಮಿರಿದಾಗ ಒಂದು ಕಡೆಗೆ ಬಾಗುತ್ತದೆ. ಮುಟ್ಟಿ ನೋಡಿದರೆ ಒಳಗೆ ಗಟ್ಟಿಯಾದ ಗಂಟು ಸಿಗುತ್ತದೆ. ಕೆಲವರಿಗೆ ನೋವು, ಕೆಲವರಿಗೆ ಉದ್ದ ಕಡಿಮೆಯಾದ ಹಾಗೆ, ಕೆಲವರಿಗೆ ಒಂದು ಜಾಗದಲ್ಲಿ ಸೊರಗಿದ ಹಾಗೆ ಕಾಣುತ್ತದೆ. ಇದಕ್ಕೆ ಪೆರೋನಿ ಕಾಯಿಲೆ ಅಂತ ಹೆಸರು. ಫ್ರಾನ್ಸಿನ ರಾಜ 15ನೇ ಲೂಯಿಯ ಶಸ್ತ್ರವೈದ್ಯನಾಗಿದ್ದ ಪೆರೋನಿ 1743ರಲ್ಲಿ ಇದನ್ನು ವಿವರಿಸಿ ಬರೆದ. ಅಂದರೆ ಇದು ನಿನ್ನೆ ಮೊನ್ನೆಯ ಕಾಯಿಲೆಯೂ ಅಲ್ಲ, ನಿಮ್ಮೊಬ್ಬರಿಗೇ ಬಂದದ್ದೂ ಅಲ್ಲ. ಚಿಕ್ಕ ವಯಸ್ಸಿನಿಂದಲೂ ಸ್ವಲ್ಪ ಬಾಗು ಇದ್ದರೆ ಅದು ಬೇರೆ, ಅದರಲ್ಲಿ ಗಂಟು ಇರುವುದಿಲ್ಲ. ಆ ವಿಷಯ ಇವತ್ತು ಬೇಡ.

ಒಳಗೆ ಏನಾಗಿರುತ್ತದೆ? ಶಿಶ್ನದೊಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಗಳಿವೆ. ಅವುಗಳ ಮೇಲೆ ಒಂದು ಗಟ್ಟಿ ಪೊರೆ ಇದೆ. ರಕ್ತ ತುಂಬಿದಾಗ ಪೊರೆ ಎಲ್ಲ ಕಡೆ ಒಂದೇ ಸಮ ಹಿಗ್ಗಬೇಕು. ಸಂಭೋಗದ ವೇಳೆ ಅದಕ್ಕೆ ಸಣ್ಣಪುಟ್ಟ ಪೆಟ್ಟು ಬೀಳುತ್ತಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಹೆಚ್ಚಿನವರಲ್ಲಿ ಅದು ತಾನಾಗಿ ಮಾಯುತ್ತದೆ. ಕೆಲವರಲ್ಲಿ ಮಾಯುವ ಕೆಲಸ ಹದ್ದು ಮೀರಿ, ಆ ಜಾಗ ನಾರುಗಟ್ಟಿಬಿಡುತ್ತದೆ. ಗುಟ್ಕಾ ಜಗಿದು ಜಗಿದು ಬಾಯಿ ತೆರೆಯಲಾಗದವರನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೀರಿ. ಅಲ್ಲಿ ಕೆನ್ನೆಯ ಒಳಪೊರೆ ನಾರುಗಟ್ಟಿ ಹಿಗ್ಗುವ ಗುಣ ಕಳೆದುಕೊಂಡಿರುತ್ತದೆ. ಇಲ್ಲೂ ಹಾಗೆಯೇ. ನಾರುಗಟ್ಟಿದ ಕಡೆ ಪೊರೆ ಹಿಗ್ಗುವುದಿಲ್ಲ, ಉಳಿದ ಕಡೆ ಹಿಗ್ಗುತ್ತದೆ. ಹಾಗಾಗಿ ಗಂಟಿರುವ ಕಡೆಗೆ ಬಾಗುತ್ತದೆ. ಗಂಟು ಹೆಚ್ಚಾಗಿ ಮೇಲ್ಭಾಗದಲ್ಲಿ ಬರುವುದರಿಂದ ಹೆಚ್ಚಿನವರಿಗೆ ಮೇಲಕ್ಕೆ ಬಾಗುತ್ತದೆ. ಅಡಿಕೆಯಿಂದಲೋ ಗುಟ್ಕಾದಿಂದಲೋ ಈ ಕಾಯಿಲೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ ಕಾಣುತ್ತದೆ. ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಸಿಕೊಂಡವರಲ್ಲೂ ಕಾಣುತ್ತದೆ.

ಈಗ ಒಂದು ಕೆಲಸ ಮಾಡಿ. ಅಂಗೈಯನ್ನು ಮುಂದಿನ ಕುರ್ಚಿಯ ಬೆನ್ನಿನ ಮೇಲೋ ಮೇಜಿನ ಮೇಲೋ ಒತ್ತಿ ಇಡಿ. ಬೆರಳೆಲ್ಲ ಚಪ್ಪಟೆಯಾಗಿ ಕೂರುತ್ತವಾ? ಉಂಗುರದ ಬೆರಳು, ಕಿರುಬೆರಳು ಒಳಕ್ಕೆ ಮಡಚಿಕೊಂಡು, ಅಂಗೈಯಲ್ಲಿ ಹುರಿಯಂಥ ಗಟ್ಟಿ ಗೆರೆ ಸಿಗುತ್ತಿದ್ದರೆ ಅದಕ್ಕೆ ಡ್ಯುಪಿಟ್ರನ್ ಅನ್ನುತ್ತಾರೆ. ಅದೂ ನಾರುಗಟ್ಟುವ ಕಾಯಿಲೆಯೇ. ಎರಡೂ ಒಬ್ಬರಲ್ಲೇ ಇರುವುದುಂಟು. ನನ್ನ ಹತ್ತಿರ ಬಂದವರ ಅಂಗೈಯನ್ನು ನಾನು ತಪ್ಪದೆ ಮುಟ್ಟಿ ನೋಡುತ್ತೇನೆ.

ಇನ್ನು ಭಯದ ವಿಷಯ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ಅಂಟುವ ರೋಗ ಅಲ್ಲ, ಹೆಂಡತಿಗೆ ಬರುವುದಿಲ್ಲ. ಹರೆಯದಲ್ಲಿ ಹಸ್ತಮೈಥುನ ಮಾಡಿದ್ದರ ಫಲವೂ ಅಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಗುಪ್ತರೋಗ ಅಂತ ಫೋನ್ ನಂಬರ್ ಸಮೇತ ಚೀಟಿ ಅಂಟಿಸಿರುತ್ತಾರಲ್ಲ, ಅವರು ದುಡಿಯುವುದು ಈ ಪಾಪಪ್ರಜ್ಞೆಯ ಮೇಲೆಯೇ. ಒಬ್ಬ ತೋಟದ ಯಜಮಾನರು ನನ್ನ ಹತ್ತಿರ ಬರುವಷ್ಟರಲ್ಲಿ ಒಂದು ವರ್ಷ ಅಂಥ ಲೇಹ್ಯ, ಕ್ಯಾಪ್ಸೂಲ್ ನುಂಗಿದ್ದರು. ದುಡ್ಡು ಹೋದದ್ದಕ್ಕಿಂತ ನನಗೆ ಬೇಜಾರಾದದ್ದು ಆ ಒಂದು ವರ್ಷ ಹೋದದ್ದಕ್ಕೆ.

ಯಾಕೆ ಅಂದರೆ, ಈ ಕಾಯಿಲೆಗೆ ಎರಡು ಹಂತ ಇದೆ. ಯಾವ ಚಿಕಿತ್ಸೆ ಅನ್ನುವುದಕ್ಕಿಂತ ಮೊದಲು, ನಾವು ಯಾವ ಹಂತದಲ್ಲಿದ್ದೇವೆ ಅಂತ ಕೇಳಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಮೊದಲನೆಯದು ಕಾಯಿಲೆ ಇನ್ನೂ ಬೆಳೆಯುತ್ತಿರುವ ಹಂತ. ನೋವಿರುತ್ತದೆ, ಬಾಗು ಬದಲಾಗುತ್ತಿರುತ್ತದೆ. ಇದು 6 ತಿಂಗಳಿಂದ ಒಂದೂವರೆ ವರ್ಷದವರೆಗೂ ನಡೆಯಬಹುದು. ಆಮೇಲೆ ಎರಡನೆಯ ಹಂತ. ನೋವು ಹೋಗುತ್ತದೆ, ಬಾಗು ಒಂದು ಕಡೆ ನಿಲ್ಲುತ್ತದೆ. ಕನಿಷ್ಠ 3 ತಿಂಗಳು ಏನೂ ಬದಲಾಗಿಲ್ಲ ಅಂದರೆ ನಿಂತಿದೆ ಅಂತ ಲೆಕ್ಕ. ತಾನಾಗೇ ಸರಿಹೋಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನೋವು ಹೆಚ್ಚಿನವರಿಗೆ ಹೋಗುತ್ತದೆ. ಬಾಗಿನ ವಿಷಯ ಹಾಗಲ್ಲ. ಔಷಧಿಯಿಲ್ಲದೆ ವರ್ಷಕ್ಕೂ ಮೇಲೆ ಗಮನಿಸಿ ನೋಡಿದಾಗ 100 ಜನರಲ್ಲಿ ಸುಮಾರು 12 ಜನರಿಗೆ ಕಡಿಮೆಯಾಗಿತ್ತು, 40 ಜನರಿಗೆ ಹಾಗೇ ಇತ್ತು, 48 ಜನರಿಗೆ ಜಾಸ್ತಿಯಾಗಿತ್ತು. ಸುಮ್ನೆ ಕಾಯುವುದು ಅಷ್ಟು ಒಳ್ಳೆಯ ಪಂದ್ಯ ಅಲ್ಲ, ಅಲ್ವಾ?

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅನ್ನುವ ಹೆದರಿಕೆಗೇ ಎಷ್ಟೋ ಜನ ಬರುವುದಿಲ್ಲ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬರುವ ಮೊದಲು ಮನೆಯಲ್ಲಿ, ನಿಮಿರಿದಾಗ, ನಿಮ್ಮದೇ ಫೋನಿನಲ್ಲಿ ಎರಡು ಫೋಟೊ ತೆಗೆದುಕೊಳ್ಳಿ. ಒಂದು ಮೇಲಿನಿಂದ, ಒಂದು ಪಕ್ಕದಿಂದ. ಮುಖ ಬರುವುದು ಬೇಡ. ಯಾರಿಗೂ ವಾಟ್ಸಾಪ್ ಮಾಡಬೇಡಿ, ಡಾಕ್ಟರಿಗೂ ಬೇಡ. ಕೋಣೆಯೊಳಗೆ ಕೂತು ತೋರಿಸಿದರೆ ಸಾಕು. ತಿಂಗಳಿಗೊಮ್ಮೆ ಹೀಗೆ ತೆಗೆದಿಟ್ಟರೆ ಬಾಗು ನಿಂತಿದೆಯಾ, ಬೆಳೆಯುತ್ತಿದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ಡಾಕ್ಟರ್ ಮುಟ್ಟಿ ಗಂಟನ್ನು ನೋಡುತ್ತಾರೆ, ಎಳೆದು ಉದ್ದ ಅಳೆಯುತ್ತಾರೆ. ಇಂಜೆಕ್ಷನ್ ಅಥವಾ ಆಪರೇಷನ್ ವಿಚಾರ ಬಂದರೆ, ತೀರಾ ಸಣ್ಣ ಸೂಜಿಯಲ್ಲಿ ಶಿಶ್ನಕ್ಕೆ ಔಷಧಿ ಕೊಟ್ಟು ಅಲ್ಲೇ ನಿಮಿರಿಸಿ, ಕೋನಮಾಪಕ ಇಟ್ಟು ಎಷ್ಟು ಡಿಗ್ರಿ ಅಂತ ಅಳೆಯುತ್ತಾರೆ. ಡಾಪ್ಲರ್ ಸ್ಕ್ಯಾನಿಂಗ್ ಮಾಡಿದರೆ ರಕ್ತದ ಹರಿವು ಹೇಗಿದೆ, ಗಂಟಿನಲ್ಲಿ ಸುಣ್ಣ ಕಟ್ಟಿದೆಯಾ ಅಂತಲೂ ತಿಳಿಯುತ್ತದೆ. ಈ ಪರೀಕ್ಷೆ ಮುಗಿಸಿ ಮನೆಗೆ ಹೋದ ಮೇಲೂ ನಿಮಿರು ಇಳಿಯದೆ 4 ಗಂಟೆ ಆಯಿತು ಅಂದರೆ ನಾಚಿಕೆ ಬಿಟ್ಟು ಕೂಡಲೇ ವಾಪಸ್ ಬರಬೇಕು.

ಈಗ ಚಿಕಿತ್ಸೆ. ಬೆಳೆಯುವ ಹಂತದಲ್ಲಿ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಸಾಕು, ಅದೂ ಕಿಡ್ನಿ, ಹೊಟ್ಟೆ ನೋಡಿಕೊಂಡು. ವಿಟಮಿನ್ ಇ ಮಾತ್ರೆ ದಶಕಗಳಿಂದ ಬರೆದುಕೊಡುತ್ತಾ ಬಂದದ್ದು. ಬಾಗು ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಅಮೆರಿಕದ ಯೂರಾಲಜಿ, ಅಂದರೆ ಮೂತ್ರಾಂಗ ವೈದ್ಯರ ಸಂಘ 2015ರಲ್ಲಿ ಕೊಟ್ಟ ಮಾರ್ಗಸೂಚಿ ವಿಟಮಿನ್ ಇ, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್, ಮೀನೆಣ್ಣೆಯಲ್ಲಿರುವ ಒಮೆಗಾ 3 ಕೊಡಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ಹೊರಗಿನಿಂದ ಅಲೆಗಳ ಪೆಟ್ಟು ಕೊಡುವ ಶಾಕ್‌ವೇವ್ ಯಂತ್ರದ ಜಾಹೀರಾತು ಈಗ ಬಹಳ. ಅದರಿಂದ ನೋವು ಕಡಿಮೆಯಾಗಬಹುದು, ಬಾಗು ನೆಟ್ಟಗಾಗುವುದಿಲ್ಲ. ನಿಮ್ಮದೇ ರಕ್ತದಿಂದ ತೆಗೆದು ಕೊಡುವ ಪಿಆರ್‌ಪಿ, ಸ್ಟೆಮ್ ಸೆಲ್, ಇವೆಲ್ಲ ಇನ್ನೂ ಪ್ರಯೋಗದ ಮಟ್ಟದಲ್ಲಿವೆ. ಅದಕ್ಕೆ ಅಡಿಕೆ ಮಾರಿದ ದುಡ್ಡು ಸುರಿಯಬೇಡಿ.

ಎಳೆತದ ಸಾಧನ ಅಂತ ಒಂದಿದೆ. ಶಿಶ್ನಕ್ಕೆ ಹಾಕಿಕೊಂಡು ಮೆಲ್ಲಗೆ ಎಳೆದು ಹಿಡಿಯುವ ಚೌಕಟ್ಟು. ಹಳೆಯ ಮಾದರಿಗಳನ್ನು ದಿನಕ್ಕೆ ಹಲವು ಗಂಟೆ ಹಾಕಬೇಕಿತ್ತು. ತೋಟ, ಗದ್ದೆ ಅಂತ ಓಡಾಡುವವರಿಗೆ ಅದು ಆಗದ ಮಾತು. ಹೊಸ ಮಾದರಿಯೊಂದನ್ನು ದಿನಕ್ಕೆ ಅರ್ಧ ಗಂಟೆಯಿಂದ ಹಾಕಿಸಿ ಪರೀಕ್ಷಿಸಿದ್ದಾರೆ, ಬಾಗಿನಲ್ಲೂ ಉದ್ದದಲ್ಲೂ ಸ್ವಲ್ಪ ಸುಧಾರಣೆ ಕಂಡಿದೆ. ತಾಳ್ಮೆ ಬೇಕು, ತಿಂಗಳುಗಟ್ಟಲೆ ಹಾಕಬೇಕು. ಆದರೆ ಮೊದಲ ಹಂತದಲ್ಲೇ ಶುರು ಮಾಡಬಹುದಾದ ಕೆಲವೇ ಉಪಾಯಗಳಲ್ಲಿ ಇದೊಂದು. ಬೇಗ ಬನ್ನಿ ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ. ಎಳೆತ ಜಾಸ್ತಿಯಾದರೆ ಅದರಿಂದಲೇ ಗಾಯವಾಗುತ್ತದೆ, ಹಾಗಾಗಿ ತೋರಿಸಿಕೊಂಡೇ ಬಳಸಿ.

ಗಂಟಿನೊಳಗೇ ಕೊಡುವ ಇಂಜೆಕ್ಷನ್‌ಗಳಲ್ಲಿ ಹೆಚ್ಚು ಪರೀಕ್ಷೆಯಾದದ್ದು ಕೊಲಾಜಿನೇಸ್. ನಾರನ್ನು ಕರಗಿಸುವ ಕಿಣ್ವ. ಅಮೆರಿಕದಲ್ಲಿ 2013ರ ಡಿಸೆಂಬರಿನಲ್ಲಿ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಬಾಗು ನಿಂತಿರಬೇಕು, 30 ಡಿಗ್ರಿಗಿಂತ ಜಾಸ್ತಿ 90ಕ್ಕಿಂತ ಕಡಿಮೆ ಇರಬೇಕು, ನಿಮಿರುವಿಕೆ ಚೆನ್ನಾಗಿರಬೇಕು. ಒಂದು ಸುತ್ತಿನಲ್ಲಿ ಎರಡು ಇಂಜೆಕ್ಷನ್, ಸುಮಾರು 6 ವಾರ ಬಿಟ್ಟು ಮತ್ತೊಂದು ಸುತ್ತು, ಹೀಗೆ ನಾಲ್ಕು ಸುತ್ತಿನವರೆಗೆ. ದೊಡ್ಡ ಪರೀಕ್ಷೆಗಳಲ್ಲಿ ಬಾಗು ಸರಾಸರಿ ಶೇ. 34ರಷ್ಟು ಕಡಿಮೆಯಾಯಿತು. ಬರೀ ನೀರಿನಂಥ ಇಂಜೆಕ್ಷನ್ ಕೊಟ್ಟವರಲ್ಲಿ ಶೇ. 18ರಷ್ಟು. ಅಂದರೆ 50 ಡಿಗ್ರಿ ಇದ್ದವರಿಗೆ 33ರ ಸುಮಾರಿಗೆ ಬಂತು ಅನ್ನಿ. ಪೂರ್ತಿ ನೆಟ್ಟಗಾಗಲಿಲ್ಲ. ಆದರೆ ಎಷ್ಟೋ ಜನರಿಗೆ ಸಂಸಾರ ನಡೆಸಲು ಅಷ್ಟು ಸಾಕು. ಅಪಾಯವೂ ಇದೆ. ರಕ್ತ ಹೆಪ್ಪುಗಟ್ಟಿ ಊದುವುದು ಸಾಮಾನ್ಯ. ಅಪರೂಪಕ್ಕೆ ಪೊರೆಯೇ ಹರಿಯುತ್ತದೆ. ಡಾಕ್ಟರ್ ಹೇಳಿದಷ್ಟು ವಾರ ಹೆಂಡತಿಯಿಂದ ದೂರ ಇರಲೇಬೇಕು. ಯುರೋಪಿನಲ್ಲಿ ಕಂಪನಿ ಈ ಔಷಧಿಯ ಮಾರಾಟ ನಿಲ್ಲಿಸಿದೆ, ಅದು ವ್ಯಾಪಾರದ ಕಾರಣಕ್ಕೆ. ಇದಲ್ಲದೆ ಇಂಟರ್‌ಫೆರಾನ್ ಅನ್ನುವ ಇಂಜೆಕ್ಷನ್ ಇದೆ, ಕೊಟ್ಟ ದಿನ ಫ್ಲೂ ಬಂದ ಹಾಗೆ ಜ್ವರ, ಮೈಕೈ ನೋವು ಬರುತ್ತದೆ. ಬಿಪಿಗೆ ಕೊಡುವ ವೆರಾಪಮಿಲ್ಲನ್ನೂ ಗಂಟಿಗೆ ಚುಚ್ಚುತ್ತಾರೆ. ಬೆಲೆ ಕಡಿಮೆ, ಆಧಾರವೂ ಕಡಿಮೆ.

ಬಾಗಿನ ಜೊತೆ ನಿಮಿರುವಿಕೆಯೂ ಸೊರಗಿದ್ದರೆ ಸಿಲ್ಡೆನಾಫಿಲ್, ಟಡಲಾಫಿಲ್ ಮಾತ್ರೆ ಸಹಾಯ ಮಾಡುತ್ತವೆ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ಬಳಸುವವರು ಇವನ್ನು ಮುಟ್ಟಲೇಬಾರದು. ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. ಮೆಡಿಕಲ್ ಶಾಪಿನಲ್ಲಿ ಕದ್ದು ಕೊಳ್ಳುವ ಮಾತ್ರೆಯಲ್ಲ ಇದು.

ಆಪರೇಷನ್ ವಿಷಯದಲ್ಲಿ ನಾನು ಅವಸರದವರನ್ನು ತಡೆಯುತ್ತೇನೆ. ಬಾಗು ನಿಲ್ಲುವ ಮುಂಚೆ ಆಪರೇಷನ್ ಮಾಡಿದರೆ, ಆಮೇಲೆ ಮತ್ತೆ ಬೇರೆ ಕಡೆಗೆ ಬಾಗಬಹುದು. ಸಾಮಾನ್ಯವಾಗಿ ಶುರುವಾಗಿ ಒಂದು ವರ್ಷ ಕಳೆದು, 3ರಿಂದ 6 ತಿಂಗಳು ಬದಲಾಗದೆ ನಿಂತ ಮೇಲೆ ಯೋಚಿಸುತ್ತೇವೆ. ಸಂಭೋಗಕ್ಕೆ ತೊಂದರೆ ಇಲ್ಲದಿದ್ದರೆ ಆಪರೇಷನ್ನೇ ಬೇಡ. ಬರೀ ನೋಡಲು ನೆಟ್ಟಗಿರಲಿ ಅಂತ ಚಾಕು ಹಾಕಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಸುಲಭದ್ದು, ಗಂಟಿನ ಎದುರು ಬದಿಗೆ ಹೊಲಿಗೆ ಹಾಕಿ ಉದ್ದದ ಬದಿಯನ್ನು ಗಿಡ್ಡ ಮಾಡುವುದು. ನೆಟ್ಟಗಾಗುತ್ತದೆ, ನಿಮಿರುವಿಕೆ ಸಾಮಾನ್ಯವಾಗಿ ಕೆಡುವುದಿಲ್ಲ, ಆದರೆ ಸ್ವಲ್ಪ ಉದ್ದ ಹೋಗುತ್ತದೆ. ಇದನ್ನು ಮೊದಲೇ ಹೇಳದೆ ಆಪರೇಷನ್ ಮಾಡುವವರ ಹತ್ತಿರ ಹೋಗಬೇಡಿ. ಬಾಗು 60 ಡಿಗ್ರಿ ದಾಟಿದ್ದರೆ ಅಥವಾ ನಡು ಸೊರಗಿದ್ದರೆ ಗಂಟನ್ನು ಕೊಯ್ದು, ಆ ಜಾಗಕ್ಕೆ ತೇಪೆ ಹಾಕುತ್ತಾರೆ. ಉದ್ದ ಹೆಚ್ಚು ಉಳಿಯುತ್ತದೆ, ಆದರೆ ನಿಮಿರುವಿಕೆ ಕುಂದುವ, ಸ್ಪರ್ಶ ಮಂದವಾಗುವ ಅಪಾಯ ಜಾಸ್ತಿ. ಮಾತ್ರೆಗೂ ನಿಮಿರುವಿಕೆ ಬಾರದವರಿಗೆ ಒಳಗೆ ಕಡ್ಡಿಯಂಥ ಸಾಧನವನ್ನೋ ನೀರು ತುಂಬಿಕೊಳ್ಳುವ ಸಾಧನವನ್ನೋ ಕೂರಿಸಿ, ಬಾಗನ್ನೂ ಅಲ್ಲೇ ಸರಿಪಡಿಸುತ್ತಾರೆ. ಎರಡರ ಬೆಲೆಯಲ್ಲಿ ದೊಡ್ಡ ಅಂತರವಿದೆ, ಕೇಳಿ ತಿಳಿದುಕೊಳ್ಳಿ.

ಮನಸ್ಸಿನ ವಿಷಯ ಬಿಟ್ಟರೆ ಅನ್ಯಾಯವಾಗುತ್ತದೆ. ಈ ಕಾಯಿಲೆಯವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಕಂಡದ್ದುಂಟು. ಜಗಲಿಯಲ್ಲಿ ಹಾಸಿಗೆ ಹಾಕಿಕೊಂಡು ಮಲಗಲು ಶುರು ಮಾಡುತ್ತಾರೆ. ಹೆಂಡತಿ ತನ್ನ ಮೇಲೆ ಬೇಸರ ಅಂದುಕೊಳ್ಳುತ್ತಾಳೆ. ಅಕ್ಕಂದಿರೇ, ಯಜಮಾನರು ಹೀಗೆ ದೂರ ಸರಿದರೆ ಸಿಟ್ಟಾಗುವ ಮೊದಲು ಒಮ್ಮೆ ಕೇಳಿ. ಡಾಕ್ಟರ ಹತ್ತಿರ ಜೊತೆಯಲ್ಲೇ ಬನ್ನಿ. ಇಬ್ಬರೂ ಬಂದಾಗ ನನಗೂ ಸರಿಯಾದ ಸಲಹೆ ಕೊಡಲು ಆಗುತ್ತದೆ.

ನಿಮ್ಮ ಚೀಟಿಗಳು ಬಂದಿವೆ. ಓದುತ್ತೇನೆ, ಹೆಸರು ಯಾರೂ ಬರೆದಿಲ್ಲ.

"ಎಲ್ಲಿ ತೋರಿಸುವುದು?" ಯೂರಾಲಜಿಸ್ಟ್ ಹತ್ತಿರ. ಗೊತ್ತಿಲ್ಲದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹೋಗಿ, ಅಲ್ಲಿಂದ ಮುಂದಿನ ದಾರಿ ಹೇಳುತ್ತಾರೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವ ಅಭ್ಯಾಸ ಇದ್ದವರು ಅಲ್ಲೂ ತೋರಿಸಬಹುದು. ಆಸ್ಪತ್ರೆಯ ಚೀಟಿಯಲ್ಲಿ ಏನು ತೊಂದರೆ ಅಂತ ಬರೆಸಲು ಸಂಕೋಚವಾದರೆ "ಮೂತ್ರದ ಡಾಕ್ಟರು" ಅಂದರೆ ಸಾಕು.

"ನಾಟಿ ಔಷಧಿ ಮುಂದುವರಿಸಬಹುದಾ?" ಹೊಟ್ಟೆಗೆ ಏನು ತೆಗೆದುಕೊಳ್ಳುತ್ತಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಗಂಟಿನ ಮೇಲೆ ಎಣ್ಣೆ ಹಾಕಿ ಜೋರಾಗಿ ತಿಕ್ಕುವುದು, ಬಗ್ಗಿಸಿ ನೆಟ್ಟಗೆ ಮಾಡಲು ಹೋಗುವುದು ಮಾತ್ರ ಖಂಡಿತ ಬೇಡ. ಹೊಸ ಪೆಟ್ಟು, ಹೊಸ ಕಲೆ.

"ರಾತ್ರಿ ಚಟ್ ಅಂತ ಶಬ್ದ ಬಂದು ಊದಿಕೊಂಡಿತು, ಇದೇ ಕಾಯಿಲೆಯಾ?" ಅಲ್ಲ. ಅದು ಪೊರೆ ಹರಿದದ್ದು. ನಿಮಿರು ಒಮ್ಮೆಲೇ ಇಳಿದು, ಕಪ್ಪುನೀಲಿಯಾಗಿ ಊದುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಹೊರಡಿ, 108ಕ್ಕೆ ಫೋನ್ ಮಾಡಿ. ಬೇಗ ಹೊಲಿದರೆ ಚೆನ್ನಾಗಿ ಕೂಡುತ್ತದೆ.

"ಹೊಲಿಗೆ ಆಪರೇಷನ್ ಆದ ಮೇಲೆ ಕೆಲಸಕ್ಕೆ ಯಾವಾಗ?" ಕೂತು ಮಾಡುವ ಕೆಲಸಕ್ಕೆ ಕೆಲವೇ ದಿನ. ಗೊನೆ ಹೊರುವುದು, ಮರ ಹತ್ತುವುದು, ಬೈಕಿನಲ್ಲಿ ತೋಟದ ದಾರಿ ಓಡಾಡುವುದು ಡಾಕ್ಟರ್ ಗಾಯ ನೋಡಿ ಸರಿ ಅಂದ ಮೇಲೆ. ಸಂಭೋಗ ಸುಮಾರು 6 ವಾರ ಬೇಡ. ಕೊಯ್ಲಿನ ಹೊತ್ತಿಗೆ ತಾರೀಖು ಹಾಕಿಸಿಕೊಳ್ಳಬೇಡಿ, ಕೊಯ್ಲು ಮುಗಿಸಿಕೊಂಡೇ ಬನ್ನಿ. ಆಪರೇಷನ್ ಅಲ್ಲಿಯವರೆಗೆ ಕಾಯುತ್ತದೆ. ಮೊದಲ ಸಲ ತೋರಿಸಿಕೊಳ್ಳುವುದಕ್ಕೆ ಮಾತ್ರ ಕೊಯ್ಲು ಮುಗಿಯಲಿ ಅನ್ನಬೇಡಿ, ಈ ವಾರವೇ ಬನ್ನಿ.