ಗದ್ದಲ ಬೇರೆ, ನಿರ್ಭೀತಿ ಬೇರೆ: ಮಾರ್ಕ್ ಟಲಿ ಮತ್ತು ರೇಡಿಯೋ

(ವಿಶ್ವ ರೇಡಿಯೋ ದಿನದ ಅಂಗವಾಗಿ ಹಾಸನದಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೆ, ಆಕಾಶವಾಣಿಯ ಗೆಳೆಯರೆ, ಪತ್ರಿಕಾ ಮಿತ್ರರೆ, ಹಿಂದೆ ಜಾಗ ಸಾಲದೆ ಒತ್ತಾಗಿ ಕುಳಿತಿರುವ ವಿದ್ಯಾರ್ಥಿಗಳೆ,

ಫೆಬ್ರವರಿ 13 ಬಂದರೆ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನೆಯುವುದು ನಮ್ಮ ಕಡೆಯ ರೂಢಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಅವರು ಪ್ರಸಾರ ಶುರು ಮಾಡಿದ್ದು ನಿಮಗೆಲ್ಲ ಗೊತ್ತು. ಅದೇ 1935ರ ಅಕ್ಟೋಬರ್‌ನಲ್ಲಿ ಕಲ್ಕತ್ತದ ಟಾಲಿಗಂಜ್‌ನಲ್ಲಿ ಒಬ್ಬ ಇಂಗ್ಲಿಷ್ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಮಗುವಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಹೆಸರು ಮಾರ್ಕ್ ಟಲಿ, ಮುಂದೆ ಬ್ರಿಟನ್ನಿನ ಬಿಬಿಸಿ ರೇಡಿಯೋದ ದೆಹಲಿ ವರದಿಗಾರರಾದವರು. ಇಲ್ಲಿ ಐವತ್ತು ದಾಟಿದವರಿಗೆ ಆ ಹೆಸರಿಗಿಂತ ಮೊದಲು ಆ ಧ್ವನಿ ನೆನಪಾಗುತ್ತದೆ. ಮಕ್ಕಳಿಗೆ ಎರಡೂ ಗೊತ್ತಿಲ್ಲ. ಅದಕ್ಕೇ ಈ ವಿಷಯ ಬೇಕು ಎಂದು ನಾನೇ ಹಟ ಹಿಡಿದು ಕೇಳಿ ಪಡೆದೆ.

ಹಟಕ್ಕೆ ಕಾರಣವಿದೆ. ಪತ್ರಿಕೋದ್ಯಮ ಓದುವ ಹುಡುಗರನ್ನು 'ನಿರ್ಭೀತ ಪತ್ರಕರ್ತ ಅಂದರೆ ಯಾರಪ್ಪಾ?' ಎಂದು ಕೇಳಿದರೆ, ಟಿವಿಯಲ್ಲಿ ಮೇಜು ಗುದ್ದಿ ಎದುರಿದ್ದವರ ಬಾಯಿ ಮುಚ್ಚಿಸುವವರ ಹೆಸರು ಹೇಳುತ್ತಾರೆ. ಗದ್ದಲ ಬೇರೆ, ನಿರ್ಭೀತಿ ಬೇರೆ. ಇದೊಂದು ಮಾತನ್ನು ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಟಲಿ ಚಿಕ್ಕವರಿದ್ದಾಗ ನಡೆದ ಒಂದು ಘಟನೆಯನ್ನು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಮನೆಯ ಕಾರು ಡ್ರೈವರ್ ಹತ್ತಿರ ಮಗು ಒಂದು ಎರಡು ಎಣಿಸುವುದನ್ನು ಅಲ್ಲಿಯ ಭಾಷೆಯಲ್ಲಿ ಕಲಿಯುತ್ತಿತ್ತು. ನೋಡಿಕೊಳ್ಳಲೆಂದು ಇಟ್ಟಿದ್ದ ಬಿಳಿಯ ದಾದಿ ಬಂದು ತಲೆಗೊಂದು ಕೊಟ್ಟಳು. ಅದು ಆಳುಗಳ ಭಾಷೆ, ನಿನ್ನದಲ್ಲ ಎಂದಳು. ಅದೇ ಮಗು ಮುಂದೆ ದೆಹಲಿಯ ನಿಜಾಮುದ್ದೀನ್‌ನಲ್ಲಿ ಮನೆ ಮಾಡಿಕೊಂಡು ಹಿಂದಿಯಲ್ಲಿ ಹರಟೆ ಹೊಡೆಯುವ 'ಟಲಿ ಸಾಹೇಬ್' ಆಯಿತು. ಪಾಪ, ಆ ದಾದಿ ಇದನ್ನು ನೋಡಬೇಕಿತ್ತು!

ಓದಿದ್ದು ಕೇಂಬ್ರಿಜ್‌ನಲ್ಲಿ. ಪಾದ್ರಿ ಆಗಬೇಕೆಂದು ದೈವಶಾಸ್ತ್ರದ ಕಾಲೇಜಿಗೂ ಸೇರಿ, ತನಗಲ್ಲ ಎಂದು ಬಿಟ್ಟು ಬಂದರು. 1964ರಲ್ಲಿ ಬಿಬಿಸಿ ಸೇರಿದ್ದು ವರದಿಗಾರರಾಗಿ ಅಲ್ಲ, ಸಿಬ್ಬಂದಿ ವಿಭಾಗಕ್ಕೆ. 1965ರಲ್ಲಿ ದೆಹಲಿಗೆ ಬಂದಿದ್ದೂ ಆಡಳಿತದ ಕೆಲಸಕ್ಕೇ. ಕಡತ ನೋಡುವ ಮೇಜಿನಿಂದ ಮೈಕಿನ ಮುಂದೆ ಬಂದವರು. ಕ್ಯಾಂಪಸ್ ಸಂದರ್ಶನದಲ್ಲಿ ಕೆಲಸ ಸಿಗಲಿಲ್ಲ ಎಂದು ಕಂಗೆಟ್ಟಿರುವವರು ಇಲ್ಲಿದ್ದರೆ ಇದನ್ನು ಬರೆದುಕೊಳ್ಳಿ.

ಈಗ ತುರ್ತು ಪರಿಸ್ಥಿತಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನನ್ನ ವಾದವೆಲ್ಲ ಇದರೊಳಗಿದೆ. 1975ರ ಜೂನ್ 25ರ ರಾತ್ರಿ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ವಾರ್ತಾ ಮಂತ್ರಿ ಆಗ ಐ.ಕೆ. ಗುಜ್ರಾಲ್. ಅವರಿಗೆ ಒಂದು ಫೋನ್ ಬರುತ್ತದೆ. ಮಾಡಿದವರು ಪ್ರಧಾನಿಯ ಆಪ್ತ ವಲಯದ ಮಹಮ್ಮದ್ ಯೂನುಸ್. ಹಿರಿಯ ಮಂತ್ರಿಗಳು ಗೃಹಬಂಧನದಲ್ಲಿದ್ದಾರೆ ಎಂದು ಬಿಬಿಸಿ ಹೇಳಿಬಿಟ್ಟಿದೆಯಂತೆ. ಆ ಟಲಿಯನ್ನು ಹಿಡಿಸಿ, ಪ್ಯಾಂಟು ಬಿಚ್ಚಿಸಿ ನಾಲ್ಕು ಬಾರಿಸಿ, ಜೈಲಿಗೆ ಹಾಕಿ! ಒಬ್ಬ ಕೇಂದ್ರ ಮಂತ್ರಿಗೆ ಫೋನಿನಲ್ಲಿ ಬಂದ ಸೂಚನೆ ಇದು. (ನಗು) ನಗು ಬರುತ್ತದೆ, ಸರಿ. ಆದರೆ ಆ ವಾರ ದೇಶದ ಜೈಲುಗಳಲ್ಲಿ ಯಾರು ಯಾರು ಇದ್ದರು ಎನ್ನುವುದನ್ನು ನೆನೆದರೆ ನಗು ಅಲ್ಲೇ ನಿಲ್ಲುತ್ತದೆ. ಆಡ್ವಾಣಿ, ವಾಜಪೇಯಿ ಅವರನ್ನು ಹಿಡಿದದ್ದು ನಮ್ಮ ಬೆಂಗಳೂರಿನಲ್ಲೇ. ನಮ್ಮ ಹೊಳೆನರಸೀಪುರದ ಶಾಸಕರಾಗಿದ್ದ ದೇವೇಗೌಡರೂ ಆ ಕಾಲದಲ್ಲಿ ಬೆಂಗಳೂರು ಜೈಲು ಕಂಡವರು.

ಗುಜ್ರಾಲ್ ಏನು ಮಾಡಿದರು? ಜನರನ್ನು ಬಂಧಿಸುವುದು ವಾರ್ತಾ ಇಲಾಖೆಯ ಕೆಲಸವಲ್ಲ ಎಂದರು. ಅಷ್ಟಕ್ಕೇ ಬಿಡಲಿಲ್ಲ. ವಿದೇಶಿ ಪ್ರಸಾರಗಳನ್ನು ಆಲಿಸಿ ದಾಖಲಿಸುವ ನಮ್ಮದೇ ವಿಭಾಗವೊಂದಿದೆ. ಅಲ್ಲಿಂದ ತರಿಸಿ ನೋಡಿದರು. ಬಿಬಿಸಿ ಅಂಥ ಸುದ್ದಿಯನ್ನು ಹೇಳಿಯೇ ಇರಲಿಲ್ಲ. ಕಿವಿಯಿಂದ ಕಿವಿಗೆ ಬೆಳೆದ ವದಂತಿ ಅದು. ಇದನ್ನೆಲ್ಲ ಮುಂದೆ ಗುಜ್ರಾಲ್ ಅವರೇ ಹೇಳಿದ್ದಾರೆ.

ಗಮನಿಸಿ. ಟಲಿ ಅವರ ಬೆನ್ನನ್ನು ಉಳಿಸಿದ್ದು ಅವರ ಗಂಟಲಲ್ಲ, ದಾಖಲೆ. ಖಚಿತವಾಗದ ಸುದ್ದಿಯನ್ನು ಅವರು ಹೇಳಿರಲಿಲ್ಲ, ಅಷ್ಟೇ. ಆವತ್ತು ಒಂದೇ ಒಂದು ವದಂತಿಯನ್ನು ಉತ್ಸಾಹದಿಂದ ಓದಿಬಿಟ್ಟಿದ್ದರೆ, ಎಂಥ ಒಳ್ಳೆಯ ಮಂತ್ರಿಯೂ ಕಾಯಲಾಗುತ್ತಿರಲಿಲ್ಲ. ಗದ್ದಲ ಬೇರೆ, ನಿರ್ಭೀತಿ ಬೇರೆ ಎಂದು ನಾನು ಹೇಳುವುದು ಇದಕ್ಕೇ.

ಗುಜ್ರಾಲ್ ಅವರ ಖಾತೆ ಹೋಯಿತು, ವಿ.ಸಿ. ಶುಕ್ಲಾ ಬಂದರು. ಟಲಿ ದೇಶ ಬಿಡಬೇಕಾಯಿತು. 1977ರಲ್ಲಿ ತುರ್ತು ಪರಿಸ್ಥಿತಿ ಮುಗಿದ ಮೇಲೆ ಮರಳಿ ಬಂದರು. ಇನ್ನೊಂದು ಮಾತು, ಹಾಸನದಲ್ಲಿ ನಿಂತು ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1997ರ ಏಪ್ರಿಲ್‌ನಲ್ಲಿ ದೇವೇಗೌಡರು ಇಳಿದ ಕುರ್ಚಿಯಲ್ಲಿ ಕುಳಿತವರು ಇದೇ ಗುಜ್ರಾಲ್. ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರೊಬ್ಬರು, ಖಾತೆ ಕಳೆದುಕೊಂಡವರೊಬ್ಬರು, ಒಬ್ಬರ ಹಿಂದೆ ಒಬ್ಬರು ಪ್ರಧಾನಿಯಾದರು.

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ನನ್ನ ಚಿಕ್ಕಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತುರ್ತು ಪರಿಸ್ಥಿತಿಯ ಆ ಎರಡು ವರ್ಷ ರಾತ್ರಿ ಊಟವಾದ ಮೇಲೆ ರೇಡಿಯೋ ಹಿಡಿದು ಜಗಲಿಗೆ ಬರುತ್ತಿದ್ದರು. ಮಳೆಗಾಲದಲ್ಲಿ ಆ ಗುಡ್ಡಗಳ ನಡುವೆ ಶಾರ್ಟ್‌ವೇವ್ ಸಿಗುವುದೇ ಕಷ್ಟ. ಬರ್ ಬರ್ ಎನ್ನುವ ಸದ್ದಿನ ನಡುವೆ ಬಿಬಿಸಿ ಹಿಂದಿ ವಾರ್ತೆ ಬಂದು ಹೋಗಿ ಮಾಡುತ್ತಿತ್ತು. ಚಿಕ್ಕಪ್ಪನಿಗೆ ಹಿಂದಿ ಅರ್ಧಂಬರ್ಧ. ಕೇಳಿಸಿದಷ್ಟನ್ನು ಕೂಲಿಯಾಳುಗಳ ಲೈನ್ ಮನೆಗಳಿಂದ ಬಂದು ಕುಳಿತವರಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ಕೇಳಿಸದಿದ್ದ ಜಾಗಕ್ಕೆ 'ಇಲ್ಲಿ ಸರಿಯಾಗಿ ಕೇಳಿಸಲಿಲ್ಲ ಕಣ್ರೋ' ಎನ್ನುತ್ತಿದ್ದರೇ ಹೊರತು, ತಮ್ಮದೊಂದು ಮಾತು ಸೇರಿಸುತ್ತಿರಲಿಲ್ಲ. ನಾನು ಕಂಡ ಮೊದಲ ಪತ್ರಕರ್ತ ಅವರೇ. ಮುಂದೆ 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ನಿಂತು, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದು, ದೇಶವಿದೇಶದ ವರದಿಗಾರರು ಕಾಫಿ ತೋಟಗಳಲ್ಲಿ ಸುತ್ತಿದ್ದು ನಿಮಗೆ ಗೊತ್ತೇ ಇದೆ. ಯಾವ ಬಿಬಿಸಿಯನ್ನು ಕದ್ದು ಕೇಳಿದ್ದರೋ ಅದೇ ಜನ ಇಂದಿರಮ್ಮನಿಗೆ ಓಟು ಹಾಕಿದರು. ಇದರಲ್ಲಿ ನನಗೆ ವಿರೋಧಾಭಾಸ ಕಾಣುವುದಿಲ್ಲ. ಸುದ್ದಿ ಖಚಿತವಾಗಿ ಕೊಟ್ಟರೆ ತೀರ್ಮಾನ ಜನರದು.

1984ರ ಅಕ್ಟೋಬರ್ 31. ಇಂದಿರಾ ಅವರ ಮೇಲೆ ಗುಂಡು ಹಾರಿದ್ದು ಬೆಳಿಗ್ಗೆ 9 ಗಂಟೆ ದಾಟಿದ ಮೇಲೆ. ಆಕಾಶವಾಣಿ ಸಾವನ್ನು ಪ್ರಕಟಿಸಿದ್ದು ಸಂಜೆ 6ಕ್ಕೆ. ನಡುವಿನ ಹೊತ್ತಿನಲ್ಲಿ ದೇಶ ಕೇಳಿದ್ದು ಬಿಬಿಸಿಯನ್ನು. ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿ ಕೂಡ ತಾಯಿಯ ಸುದ್ದಿಗಾಗಿ ಬಿಬಿಸಿಯನ್ನೇ ಹಾಕಿಕೊಂಡರು. ಆವತ್ತು ಟಲಿ ದೆಹಲಿಯಲ್ಲಿರಲಿಲ್ಲ. ಸುದ್ದಿ ಕಳಿಸಿದವರು ಸಹೋದ್ಯೋಗಿ ಸತೀಶ್ ಜೇಕಬ್. ಟಲಿ ಬಗ್ಗೆ ಮಾತಾಡುವವರು ಈ ಹೆಸರನ್ನು ಮರೆಯುತ್ತಾರೆ, ದಯವಿಟ್ಟು ನೀವು ಮರೆಯಬೇಡಿ. ಆಕಾಶವಾಣಿಯ ಗೆಳೆಯರು ಮುಂದಿನ ಸಾಲಿನಲ್ಲೇ ಇದ್ದೀರಿ, ನಿಮ್ಮನ್ನು ನೋಯಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಹಿರಿಯರಿಗೆ ಸುದ್ದಿ ಗೊತ್ತಿರಲಿಲ್ಲವೆಂದಲ್ಲ, ಹೇಳುವ ಅಧಿಕಾರ ಅವರ ಕೈಯಲ್ಲಿರಲಿಲ್ಲ.

ಅಯೋಧ್ಯೆ, 1992ರ ಡಿಸೆಂಬರ್, ಬಾಬರಿ ಮಸೀದಿ ಕೆಡವಿದ ಹೊತ್ತು. ಗುಂಪು ಟಲಿ ಅವರ ಹೆಸರು ಹಿಡಿದೇ ಕೂಗಿತು, ಒಂದು ಕೋಣೆಯಲ್ಲಿ ಗಂಟೆಗಟ್ಟಲೆ ಕೂಡಿಹಾಕಿತು. ಬಿಡಿಸಿಕೊಂಡು ಬಂದವರಲ್ಲಿ ಒಬ್ಬ ಸ್ಥಳೀಯ ಅಧಿಕಾರಿ ಮತ್ತು ಒಬ್ಬ ಅರ್ಚಕರು ಇದ್ದರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತ್ತು.

ಇಷ್ಟರವರೆಗಿನದು ಎಲ್ಲರೂ ಹೊಗಳುವ ಟಲಿ. ನನಗೆ ಇನ್ನೂ ದೊಡ್ಡವರಾಗಿ ಕಾಣುವುದು 1993ರ ಜುಲೈನಲ್ಲಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ರೇಡಿಯೋದವರ ಸಮ್ಮೇಳನ. ಬಿಬಿಸಿಯ ಮಹಾನಿರ್ದೇಶಕ ಜಾನ್ ಬರ್ಟ್. ಟಲಿ ಎದ್ದು ನಿಂತು, ಸಂಸ್ಥೆಯನ್ನು ಭಯದ ಮೇಲೆ ನಡೆಸಲಾಗುತ್ತಿದೆ, ನೌಕರರು ಧೈರ್ಯ ಕಳೆದುಕೊಂಡಿದ್ದಾರೆ ಎಂದು ಹೇಳಿದರು. ನಿವೃತ್ತಿಯಾಗಿ ಪಿಂಚಣಿ ಬರಲು ಶುರುವಾದ ಮೇಲೆ ಹೇಳಿದ್ದಲ್ಲ, ಅದೇ ಸಂಸ್ಥೆಯ ಸಂಬಳದಲ್ಲಿದ್ದಾಗ. ಬದಲಾವಣೆ ಒಗ್ಗದ ಹಳಬರು ಎಂದು ಅವರನ್ನು ತಳ್ಳಿಹಾಕಿದವರೂ ಇದ್ದರು. ಇರಬಹುದು, ಬರ್ಟ್ ಮಾಡಿದ್ದೆಲ್ಲ ತಪ್ಪು ಎಂದು ನಾನು ವಾದಿಸುವುದಿಲ್ಲ. ಆದರೆ ದೂರದ ಪ್ರಧಾನಿಯನ್ನು ಬೈಯುವ ನೂರು ಜನ ಸಿಗುತ್ತಾರೆ. ತನ್ನ ಸಂಪಾದಕರ ಮುಖ ನೋಡಿ 'ಇದು ಸರಿಯಲ್ಲ ಸಾರ್' ಎನ್ನುವ ಒಬ್ಬರನ್ನು ನಮ್ಮ ಸುದ್ದಿಮನೆಗಳಲ್ಲಿ ಹುಡುಕಿ ನೋಡಿ. 1994ರ ಜುಲೈನಲ್ಲಿ, ಸುಮಾರು 30 ವರ್ಷಗಳ ನೌಕರಿ ಬಿಟ್ಟು ಹೊರಬಂದರು.

ಸಂಘಟಕರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವಂತೆ. 1971ರ ಬಾಂಗ್ಲಾ ಯುದ್ಧ, ಪಂಜಾಬ್, ಭೋಪಾಲ್ ಎಲ್ಲವನ್ನೂ ಬಿಡುತ್ತೇನೆ. ನಿರೂಪಕರಾದ ಕಥೆ ಮಾತ್ರ ಹೇಳುತ್ತೇನೆ.

1995ರಲ್ಲಿ ಬಿಬಿಸಿಯ ರೇಡಿಯೋ 4ರಲ್ಲಿ 'ಸಮ್‌ಥಿಂಗ್ ಅಂಡರ್‌ಸ್ಟುಡ್' ಎಂಬ ಕಾರ್ಯಕ್ರಮ ಶುರುವಾಯಿತು. ಭಾನುವಾರ ಬೆಳಿಗ್ಗೆ 6 ಗಂಟೆ ದಾಟಿದೊಡನೆ ಒಂದು ಸಲ, ಅದೇ ರಾತ್ರಿ ಮತ್ತೊಂದು ಸಲ. ಸ್ವಲ್ಪ ಸಂಗೀತ, ಸ್ವಲ್ಪ ಕವಿತೆ, ಸಾವು, ನಂಬಿಕೆ, ಸಂದೇಹಗಳ ಬಗ್ಗೆ ಮೆಲ್ಲನೆ ಮಾತು. ಅದರ ಮುಖ್ಯ ನಿರೂಪಕ ಟಲಿ. 2019ರವರೆಗೆ ನಡೆಯಿತು, ಹಣದ ಮುಗ್ಗಟ್ಟೆಂದು ಹೊಸ ಕಂತುಗಳನ್ನು ನಿಲ್ಲಿಸಿದರು.

ರಾಜಕೀಯ ವರದಿಗಾರ ಕೊನೆಗೆ ಭಜನೆಗೆ ಕುಳಿತ ಎಂದು ಕೆಲವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ತಾನು ಕ್ರೈಸ್ತನಾಗಿ ಉಳಿದೇ, ದೇವರ ಬಗ್ಗೆ ಯಾವ ಒಂದು ಧರ್ಮಕ್ಕೂ ಪೂರ್ತಿ ಗುತ್ತಿಗೆ ಇಲ್ಲ ಎನ್ನುವುದನ್ನು ಭಾರತದಲ್ಲಿ ಕಲಿತೆ ಎಂದು ಬ್ರಿಟನ್ನಿನ ಕೇಳುಗರಿಗೆ ಹೇಳಿದವರು ಅವರು. ಹಾಗೆ ಹೇಳಲು ಅಯೋಧ್ಯೆಯಲ್ಲಿ ಬೇಕಾದಷ್ಟೇ ಎದೆ ಬೇಕು. ಧ್ವನಿ ತಗ್ಗಿತು, ಮಾತು ತಗ್ಗಲಿಲ್ಲ. ಗದ್ದಲ ಬೇರೆ, ನಿರ್ಭೀತಿ ಬೇರೆ, ಆಯಿತು, ಇನ್ನು ಹೇಳುವುದಿಲ್ಲ.

ಕೊನೆಯದು, ಇದಕ್ಕಾಗಿಯೇ ನಾನು ಬಂದದ್ದು. ಇಂಥದೊಂದು ಬದುಕು ಹಾಸನದ ಒಬ್ಬ ವರದಿಗಾರ್ತಿಗೆ ಸಾಧ್ಯವೆ? ಅವಳು ಪತ್ರಿಕೆ ಬಿಟ್ಟು ಖಾಸಗಿ ಎಫ್‌ಎಂ ಸೇರಿದರೆ ಹಾಡು ಹಾಕಬಹುದು, ಟ್ರಾಫಿಕ್, ಹವಾಮಾನ, ಪರೀಕ್ಷೆ ದಿನಾಂಕ ಹೇಳಬಹುದು. ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಅಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೇ. ಪತ್ರಿಕೆಗೆ, ಟಿವಿಗೆ, ಮೊಬೈಲಿಗೆ ಇರುವ ಸ್ವಾತಂತ್ರ್ಯ ರೇಡಿಯೋಕ್ಕೆ ಮಾತ್ರ ಯಾಕಿಲ್ಲ? ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರೇಡಿಯೋ ಸುದ್ದಿಯ ಮೇಲಿನ ನಿರ್ಬಂಧವನ್ನು ಪ್ರಶ್ನಿಸಿ 2013ರಲ್ಲಿ ಅದೇ ಕೋರ್ಟಿಗೆ ಅರ್ಜಿ ಹೋಗಿದೆ. ಖಾಸಗಿ ಎಫ್‌ಎಂಗಳಿಗೆ ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಎಂದು 2023ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಶಿಫಾರಸು ಮಾಡಿತು. ಹತ್ತು ನಿಮಿಷ ಸಾಕು. ಸಕಲೇಶಪುರದಲ್ಲಿ ಆನೆ ಯಾವ ತೋಟಕ್ಕೆ ಇಳಿದಿದೆ, ಎಪಿಎಂಸಿಯಲ್ಲಿ ಆಲೂಗಡ್ಡೆಗೆ ಯಾಕೆ ಬೆಲೆ ಬಿತ್ತು, ನಗರಸಭೆಯಲ್ಲಿ ಯಾವ ಬಿಲ್ಲಿಗೆ ಯಾರು ಕೈ ಎತ್ತಿದರು, ಇಷ್ಟನ್ನು ಹೇಳಲು ಹತ್ತು ನಿಮಿಷ ಧಾರಾಳ.

ಆ ಶಿಫಾರಸನ್ನು ಒಪ್ಪಿಕೊಳ್ಳಿ ಎಂದು ಕೇಂದ್ರ ವಾರ್ತಾ ಇಲಾಖೆಗೆ ಕಳಿಸಲು ಒಂದು ಮನವಿ ಬರೆದು ತಂದಿದ್ದೇನೆ. ಬಾಗಿಲ ಪಕ್ಕದ ಮೇಜಿನ ಮೇಲಿದೆ. ಕಾಫಿಗೆ ಎದ್ದಾಗ ಓದಿ ನೋಡಿ, ತಿದ್ದುವುದಿದ್ದರೆ ತಿದ್ದಿ, ಒಪ್ಪಿಗೆಯಾದರೆ ಸಹಿ ಹಾಕಿ. ನಮಸ್ಕಾರ.