ಎರಡು ಕೌಂಟರ್, ಒಂದು ಕನೆಕ್ಷನ್

ಕೇಳುಗರೆಲ್ಲರಿಗೂ ನಮಸ್ಕಾರ.

ಹಳ್ಳಿಯ ಹಾಲಿನ ಡೈರಿಯೊಂದಕ್ಕೆ ನಾನು ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಬೆಳಗ್ಗೆ ಒಂದು ಕೌಂಟರಿನಲ್ಲಿ ಹಾಲು ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ. ಪಕ್ಕದ ಕೌಂಟರಿನಲ್ಲಿ ಹಿಂಡಿ ಮೂಟೆ ಕೊಡುತ್ತಾರೆ. ಅದರ ದುಡ್ಡನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ. ಎರಡಕ್ಕೂ ಒಂದೇ ಪ್ರೋಗ್ರಾಮು, ಅದರೊಳಗೆ ಕೌಂಟರಿಗೊಂದು ಥ್ರೆಡ್, ಅಂದರೆ ಜೊತೆಜೊತೆಗೇ ಓಡುವ ಕೆಲಸದ ಎಳೆ. ಲೆಕ್ಕ ಇಡುವ ಡೇಟಾಬೇಸ್ ಎಸ್‌ಕ್ಯೂಲೈಟ್. ಅದರ ಜೊತೆ ಪ್ರೋಗ್ರಾಮು ಮಾತಾಡುವ ದಾರಿಗೆ ಕನೆಕ್ಷನ್ ಅನ್ನುತ್ತಾರೆ. ಎರಡೂ ಥ್ರೆಡ್ಡಿಗೆ ನಾನು ಒಂದನ್ನೇ ಕೊಟ್ಟಿದ್ದೆ.

ತಿಂಗಳ ಕೊನೆಗೆ ಎಣಿಸಿದರೆ ಗೋದಾಮಿನಲ್ಲಿ ಮೂಟೆ ಜಾಸ್ತಿ, ಲೆಕ್ಕದಲ್ಲಿ ಕಡಿಮೆ. ಕಳವಾಗಿದ್ದರೆ ಗೋದಾಮಿನಲ್ಲಿ ತಾನೇ ಕಡಿಮೆಯಾಗಬೇಕು? ಹುಡುಕುತ್ತಾ ಹೋದರೆ ತಪ್ಪು ನನ್ನ ಕೋಡಿನಲ್ಲೇ ಸಿಕ್ಕಿತು.

ಹಿಂಡಿ ಮಾರಾಟ ಅಂದರೆ ಎರಡು ಕೆಲಸ. ಸ್ಟಾಕಿನಿಂದ ಮೂಟೆ ಕಳೆಯಬೇಕು, ಸದಸ್ಯರ ಖಾತೆಗೆ ದುಡ್ಡು ಬರೆಯಬೇಕು. ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಟ್ರಾನ್ಸಾಕ್ಷನ್ ಇರುವುದೇ ಇದಕ್ಕೆ: ಕೊನೆಗೆ ಕಮಿಟ್ ಅಂದರೆ ಎಲ್ಲವೂ ಖಾಯಂ, ರೋಲ್‌ಬ್ಯಾಕ್ ಅಂದರೆ ಎಲ್ಲವೂ ವಾಪಸ್. ನನ್ನ ಕೋಡಿನಲ್ಲಿ ಆದದ್ದು ಹೀಗೆ. ಮೂಟೆ ಕಳೆದಾಯಿತು. ಅಷ್ಟರಲ್ಲಿ ಹಾಲಿನ ಥ್ರೆಡ್ ತನ್ನ ಕೆಲಸ ಮುಗಿಸಿ ಕಮಿಟ್ ಮಾಡಿತು. ಕನೆಕ್ಷನ್ ಒಂದೇ ಅಲ್ವಾ? ಹಿಂಡಿಯ ಅರ್ಧ ಕೆಲಸವೂ ಅದರ ಜೊತೆಗೇ ಕಮಿಟ್ ಆಯಿತು. ಆಮೇಲೆ ಸದಸ್ಯರ ನಂಬರು ತಪ್ಪು ಅಂತ ರೋಲ್‌ಬ್ಯಾಕ್ ಮಾಡಿದರೆ, ವಾಪಸ್ ತೆಗೆಯಲು ಏನೂ ಉಳಿದಿರಲಿಲ್ಲ. ಲೆಕ್ಕದಲ್ಲಿ ಮೂಟೆ ಕಳೆದೇ ಇತ್ತು.

ನಾನು ಕೋಡು ಬರೆದ ಭಾಷೆ ಪೈಥಾನ್ ಇದಕ್ಕೆ ಮೊದಲೇ ತಡೆ ಇಟ್ಟಿದೆ. ಒಂದು ಥ್ರೆಡ್ ತೆರೆದ ಎಸ್‌ಕ್ಯೂಲೈಟ್ ಕನೆಕ್ಷನ್ನನ್ನು ಇನ್ನೊಂದು ಮುಟ್ಟಿದರೆ ಎರರ್ ಕೊಡುತ್ತದೆ. ನಾನು ಆ ತಡೆಯನ್ನು ಆಫ್ ಮಾಡಿ, ಪ್ರತಿ ಕ್ವೆರಿಗೂ, ಅಂದರೆ ಡೇಟಾಬೇಸಿಗೆ ಕೊಡುವ ಒಂದೊಂದು ಆದೇಶಕ್ಕೂ, ಒಂದು ಹೊತ್ತಿಗೆ ಒಂದೇ ಥ್ರೆಡ್ ಹೋಗುವಂತೆ ಲಾಕ್ ಹಾಕಿದ್ದೆ. ಇನ್ನು ಭಯವಿಲ್ಲ ಅಂದುಕೊಂಡಿದ್ದೆ. ಆದರೆ ಲಾಕ್ ಕಾಯುತ್ತಿದ್ದದ್ದು ಒಂದೊಂದು ಕ್ವೆರಿಯನ್ನು. ಎರಡು ಕ್ವೆರಿಗಳ ನಡುವಿನ ಸಂದಿಯನ್ನು ಯಾರೂ ಕಾಯುತ್ತಿರಲಿಲ್ಲ.

ಹೊಸದಾಗಿ ಬರೆಯುವಾಗ ಥ್ರೆಡ್ಡಿಗೊಂದು ಕನೆಕ್ಷನ್ ಕೊಟ್ಟೆ. ಅದು ಸುಲಭ. ಕಷ್ಟವಾದದ್ದು ಕಮಿಟ್‌ಗಳನ್ನು ಕೀಳುವುದು. ಹಾಲು, ಬಟವಾಡೆ ಕಡೆಯ ಎಷ್ಟೋ ಸಣ್ಣ ಫಂಕ್ಷನ್ನುಗಳು, ಅಂದರೆ ಕೋಡಿನ ತುಂಡುಗಳು, ತಾವೇ ಕಮಿಟ್ ಮಾಡುತ್ತಿದ್ದವು. ಖಾತೆಗೆ ಒಂದು ಸಾಲು ಬರೆಯುವ ಫಂಕ್ಷನ್ನಿಗೆ, ತನ್ನನ್ನು ಕರೆದವರ ಕೆಲಸ ಮುಗಿಯಿತೋ ಇಲ್ಲವೋ ಹೇಗೆ ಗೊತ್ತಾಗಬೇಕು? ಶುರು ಮಾಡಿದವರೇ ಮುಗಿಸಲಿ ಅಂತ ಕಮಿಟ್ಟನ್ನು ಹೊರಗಿನ ಒಂದೇ ಜಾಗಕ್ಕೆ ತಂದೆ. ಪೈಥಾನಿನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಜ್ಯಾಂಗೋ, 2013ರ 1.6 ಆವೃತ್ತಿಯಲ್ಲಿ ತಂದ 'ಅಟಾಮಿಕ್' ಕೂಡ ಹೀಗೇ: ಹೊರಗಿನ ಬ್ಲಾಕ್ ಕಮಿಟ್ ಮಾಡುತ್ತದೆ, ಒಳಗಿನದು ಬರೀ ಸೇವ್‌ಪಾಯಿಂಟ್, ಅಂದರೆ ಬೇಕಾದರೆ ಅಲ್ಲಿಯವರೆಗೆ ಹಿಂದೆ ಬರಲು ಒಂದು ಗುರುತು, ಇಡುತ್ತದೆ.

ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. 2010ರಲ್ಲಿ ಬಂದ, ಬದಲಾವಣೆಗಳನ್ನು ಮೊದಲು ಬೇರೆ ಫೈಲಿನಲ್ಲಿ ಬರೆದಿಡುವ ವಾಲ್ (WAL) ಮೋಡ್‌ನಲ್ಲಿ ಓದುವವರು ಬರೆಯುವವರಿಗೆ ಅಡ್ಡ ಬರುವುದಿಲ್ಲ, ಆದರೆ ಬರೆಯಲು ಸರದಿ ಬೇಕೇ ಬೇಕು. ಟ್ರಾನ್ಸಾಕ್ಷನ್ ಶುರು ಮಾಡಲು ಸುಮ್ನೆ 'ಬಿಗಿನ್' ಅಂದರೆ ಸರದಿ ಸಿಗುವುದಿಲ್ಲ. ಮೊದಲು ಓದಿ, ಆಮೇಲೆ ಬರೆಯಲು ಹೋದಾಗ, ನಡುವೆ ಬೇರೆಯವರು ಬರೆದಿದ್ದರೆ 'ಬ್ಯುಸಿ' ಅಂತ ವಾಪಸ್ ಕಳಿಸುತ್ತದೆ. ಕಾದು ಕೂತರೂ ಪ್ರಯೋಜನವಿಲ್ಲ. ಬರೆಯುವುದಿದ್ದರೆ 'ಬಿಗಿನ್ ಇಮ್ಮಿಡಿಯೆಟ್' ಅನ್ನಿ, ಸರದಿ ಮೊದಲೇ ಸಿಗುತ್ತದೆ.

ಸರದಿ ಹಿಡಿದವರು ಬೇಗ ಬಿಡಲೂ ಬೇಕು. ಹೊಸ ಕೋಡು ಹಾಕಿದ ಮೊದಲ ದಿನ, ಚೀಟಿ ಪ್ರಿಂಟ್ ಮಾಡುವುದೂ ಟ್ರಾನ್ಸಾಕ್ಷನ್ ಒಳಗೇ ಇತ್ತು. ಪ್ರಿಂಟರಿನಲ್ಲಿ ಪೇಪರ್ ಸಿಕ್ಕಿಕೊಂಡಿತು, ಪಕ್ಕದಲ್ಲಿ ಕ್ಯಾನು ಹಿಡಿದವರ ಸಾಲು ನಿಂತುಬಿಟ್ಟಿತು. ಈಗ ಕಮಿಟ್ ಮೊದಲು, ಚೀಟಿ ಆಮೇಲೆ. ಚೀಟಿ ಕೈಗೆ ಬರುವ ಹೊತ್ತಿಗೆ ಲೆಕ್ಕ ಡಿಸ್ಕಿನಲ್ಲಿ ಕೂತಿರುತ್ತದೆ.

ನಮಸ್ಕಾರ.