ಮೃಗ ದಿನಾ ಕೇಳ್ತಾನೆ, ಅವಳು ದಿನಾ ಬೇಡ ಅಂತಾಳೆ

ನಮಸ್ಕಾರ ಕೇಳುಗರೇ. ಕುಕ್ಕರ್ ಇಟ್ಟು ರೇಡಿಯೋ ಹಾಕಿರೋ ಅಕ್ಕಂದಿರು, ಡೊಂಬಿವಲಿ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ನಿಂತು ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಹುಡುಗೀರು, ಹೋಟೆಲ್ ಗಲ್ಲಾದಲ್ಲಿ ಕೂತಿರೋ ಅಣ್ಣಂದಿರು, ಎಲ್ಲರಿಗೂ ನಮಸ್ಕಾರ. ಅದರಲ್ಲೂ ಫೋನಲ್ಲೇ ಕಥೆ ಟೈಪ್ ಮಾಡ್ತೀರಲ್ಲ, ಹಳೇ ರಾಜಕುಮಾರಿ ಕಥೆ ತಗೊಂಡು ರೊಮ್ಯಾಂಟಿಕ್ ಫ್ಯಾಂಟಸಿ ಮಾಡಿ ಕಂತು ಕಂತಾಗಿ ಹಾಕ್ತೀರಲ್ಲ, ಇವತ್ತಿನ ಮಾತು ನಿಮಗೆ. ನಿಮ್ಮ ಕಥೆಗಳನ್ನ ನಾನು ಓದ್ತೀನಿ, ಆಸೆಪಟ್ಟು ಓದ್ತೀನಿ. ಒಂದೇ ವಿಷಯ ಹೇಳೋಕೆ ಬಂದಿದೀನಿ: ನಿಮ್ಮ ಹೀರೋ ಹುಡುಗೀನ ಕೇಳ್ಬೇಕು. ಅವಳು ಬೇಡ ಅಂದ್ರೆ ಎದ್ದು ಹೋಗ್ಬೇಕು.

ಬ್ಯೂಟಿ ಅಂಡ್ ದಿ ಬೀಸ್ಟ್ ಕಥೆ ಎಲ್ಲರಿಗೂ ಗೊತ್ತು, ಸಿನಿಮಾ ನೋಡಿ ಗೊತ್ತು. ಅಪ್ಪ ಮಗಳಿಗೋಸ್ಕರ ಮೃಗದ ತೋಟದಲ್ಲಿ ಒಂದು ಗುಲಾಬಿ ಕಿತ್ತ, ಅದಕ್ಕೆ ಬದಲಾಗಿ ಮಗಳು ಆ ಮೃಗದ ಅರಮನೆಗೆ ಹೋಗಿ ಇರ್ತಾಳೆ; ಮೃಗ ನಿಜಕ್ಕೂ ಶಾಪ ಆಗಿರೋ ರಾಜಕುಮಾರ. ಆದ್ರೆ ಅದನ್ನ ಬರೆದಿದ್ದು ಇಬ್ಬರು ಫ್ರೆಂಚ್ ಹೆಂಗಸರು ಅಂತ ಎಷ್ಟು ಜನಕ್ಕೆ ಗೊತ್ತು? ಮೊದಲು ವಿಲ್‌ನವ್ ಅನ್ನೋರು 1740ರಲ್ಲಿ ಒಂದು ಕಾದಂಬರಿಯಷ್ಟು ಉದ್ದ ಬರೆದ್ರು. ಆಮೇಲೆ ಬೋಮಾಂಟ್ ಅನ್ನೋರು, ಲಂಡನ್‌ನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡ್ತಿದ್ದ ಟೀಚರು, 1756ರಲ್ಲಿ ಅದನ್ನ ಚಿಕ್ಕದು ಮಾಡಿದ್ರು. ನಮಗೆ ಬಂದಿರೋದು ಈ ಚಿಕ್ಕ ಕಥೆ. ಆ ಕಾಲದ ಹುಡುಗೀರಿಗೆ ಮದುವೆ ಅಂದ್ರೆ ಅಪ್ಪ ತೋರಿಸಿದ ಗಂಡು, ಮುಖ ನೋಡಿರಲ್ಲ ಗುಣ ಗೊತ್ತಿರಲ್ಲ, ಅಂಥ ಹುಡುಗೀರ ಕೈಗೆ ಈಯಮ್ಮ ಎಂಥ ಕಥೆ ಕೊಟ್ರು ನೋಡಿ. ರಾತ್ರಿ ಒಂಬತ್ತು ಗಂಟೆಗೆ ಮೃಗ ಊಟದ ಹೊತ್ತಿಗೆ ಬರುತ್ತೆ, ನೀನು ಊಟ ಮಾಡೋವಾಗ ನಾನಿಲ್ಲಿ ಇರಬಹುದಾ ಅಂತ ಕೇಳುತ್ತೆ. ಅವಳು, ಯಜಮಾನ ನೀನೇ ಅಲ್ವಾ ಅಂತಾಳೆ. ಇಲ್ಲ, ಇಲ್ಲಿ ಯಜಮಾನಿ ನೀನು, ನಾನಿಲ್ಲಿರೋದು ನಿನಗೆ ಬೇಡ ಅಂದ್ರೆ ಹೇಳು, ಈಗಲೇ ಹೋಗ್ತೀನಿ ಅನ್ನುತ್ತೆ. ಕೊನೆಗೆ ಕೇಳುತ್ತೆ, ನನ್ನ ಮದುವೆ ಆಗ್ತೀಯಾ? ಅವಳು ನಡುಗ್ತಾ ಇಲ್ಲ ಅಂತಾಳೆ. ಆಗ ಅದು ನಿಟ್ಟುಸಿರು ಬಿಡೋಕೆ ಹೋದ್ರೆ ಇಡೀ ಅರಮನೆ ಅದುರೋ ಹಂಗೆ ಭಯಂಕರ ಸಿಳ್ಳೆ ಥರದ ಸದ್ದು ಬರುತ್ತೆ, ಪಾಪ, ಮೃಗ ಅಲ್ವಾ, ಆಮೇಲೆ ತಿರುಗಿ ತಿರುಗಿ ಅವಳನ್ನೇ ನೋಡ್ತಾ ಹೊರಗೆ ಹೋಗುತ್ತೆ. ಮಾರನೇ ದಿನ ಮತ್ತೆ ಬಂದು ಕೇಳುತ್ತೆ, ಮತ್ತೆ ಇಲ್ಲ. ಹಿಂಗೇ ಮೂರು ತಿಂಗಳು! ಕಥೆಯ ಜೀವ ಇರೋದು ಇಲ್ಲೇ. ಶಾಪ, ಗುಲಾಬಿ, ಕನ್ನಡಿ ಎಲ್ಲಾ ಆಮೇಲೆ.

ಒಂದು ಘಟನೆ ಹೇಳ್ತೀನಿ. ಮುಂಬೈನ ಮಾಟುಂಗಾದಲ್ಲಿ ನಾವು ಕೆಲವರು ಸೇರಿ ಕಥೆ ಓದೋ ಸಂಜೆ ಮಾಡ್ತೀವಿ. ಒಂದ್ಸಲ ಒಬ್ಬ ಹುಡುಗಿ ಬಂದ್ಲು, ಐಟಿ ಕೆಲಸ, ದಿನಾ ಲೋಕಲ್‌ನಲ್ಲಿ ಹೋಗ್ತಾ ಬರ್ತಾ ಫೋನಲ್ಲೇ ಈ ಕಥೆಯ ರೀಟೆಲ್ಲಿಂಗ್ ಬರೆದಿದ್ಲು. ಎಂಥಾ ಕಲ್ಪನೆ ಅಂತೀರಿ! ಅವಳ ಕಥೆಯಲ್ಲಿ ಅಪ್ಪ ಉಡುಪಿ ಕಡೆಯವನು, ಫೋರ್ಟ್‌ನಲ್ಲಿ ಹೋಟೆಲ್ ಇಟ್ಟು ಸಾಲ ಆಗಿ ಮುಚ್ಚಿದಾನೆ. ಯಾರೋ ಕೊಡಬೇಕಾದ ದುಡ್ಡು ವಸೂಲಿಗೆ ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್‌ಗೆ ಹೊರಟಿದಾನೆ. ದೊಡ್ಡ ಮಗಳು ಚಿನ್ನದ ಬಳೆ ಅಂದ್ಲು, ಎರಡನೆಯವಳು ಐಫೋನ್ ಅಂದ್ಲು, ಚಿಕ್ಕವಳು ಒಂದು ಚೆಂಡು ಶಂಕರಪುರ ಮಲ್ಲಿಗೆ ಸಿಕ್ಕಿದ್ರೆ ತನ್ನಿ ಅಪ್ಪಾ ಅಂದ್ಲು. ಜುಲೈ ತಿಂಗಳು, ಜಡಿಮಳೆ, ಎಲ್ಲಿಂದ ತರೋದು? ಮಾಥೇರಾನ್‌ನಲ್ಲಿ ಗಾಡಿ ಬಿಡಲ್ಲ, ನಡೀಬೇಕು, ಕೆಂಪು ಮಣ್ಣು ಕೆಸರು, ಮಂಜಲ್ಲಿ ದಾರಿ ತಪ್ಪಿ ಒಂದು ಹಳೇ ಬಂಗಲೆ ಹೊಕ್ಕಿದ್ರೆ ಒಳಗೆ ಬಾಳೆಲೆ ಹಾಕಿ ಬಿಸಿ ಊಟ ಬಡಿಸಿದೆ, ಬಡಿಸಿದೋರು ಯಾರೂ ಕಾಣಲ್ಲ. ಹಿತ್ತಲಲ್ಲಿ ಆ ಮಂಜಿನಲ್ಲೂ ಮಲ್ಲಿಗೆ ಬಿರಿದಿದೆ. ಒಂದು ಹೂ ಕಿತ್ತ, ಮೃಗ ಬಂತು. ಮೃಗದ ಮುಖ ಹೇಗಿದೆ ಗೊತ್ತಾ, ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಮುಖ! ರಾಕ್ಷಸ ಪಾತ್ರ ಮಾಡಿದ ಕಲಾವಿದ ಒಬ್ಬನಿಗೆ ಶಾಪ ಆಗಿ ಆ ಬಣ್ಣ ಒರೆಸಿದ್ರೂ ಹೋಗ್ತಿಲ್ಲ. ನನಗೆ ಮೈ ಜುಮ್ ಅಂತು.

ಅಲ್ಲಿವರೆಗೂ ಚೆನ್ನಾಗಿತ್ತು. ಮುಂದೆ ಏನಾಯ್ತು ಅಂದ್ರೆ ಹುಡುಗಿ ಬಂಗಲೆಗೆ ಬಂದ್ಲು, ಮೃಗ ಬಾಗಿಲಿಗೆ ಬೀಗ ಹಾಕ್ತು, ಫೋನ್ ಕಿತ್ತು ಒಡೆದು ಹಾಕ್ತು, ಮೂರನೇ ರಾತ್ರಿ ಅವಳನ್ನ ಎತ್ಕೊಂಡು ಒಳಗೆ ಹೋಯ್ತು, ಅವಳು ಕರಗಿಹೋದ್ಲು. ಕೂತಿದ್ದ ಹುಡುಗೀರೆಲ್ಲ ಚಪ್ಪಾಳೆ. ಮೊಮ್ಮಗಳ ಜೊತೆ ಬಂದಿದ್ದ ಕುಂದಾಪುರದ ಅಜ್ಜಿ ಒಬ್ಬರು ಹಿಂದೆ ಕೂತಿದ್ರು, ಅವರು ಮಾತ್ರ ಕೇಳಿದ್ರು, "ಅವ ಕೇಳ್ದ್ನಾ ಮಗಾ?" "ಏನು ಕೇಳೋದು ಅಜ್ಜಿ?" "ನಿಂಗೆ ಮನಸ್ಸಿತ್ತಾ ಅಂತ." ಹುಡುಗಿ ಹೇಳಿದ್ಲು, "ಅಜ್ಜಿ, ಅದು ಪ್ಯಾಶನ್. ಕೇಳ್ಕೊಂಡು ಕೂತ್ರೆ ರೊಮ್ಯಾನ್ಸೇ ಇರಲ್ಲ." ಈ ಮಾತು ನಾನು ಎಷ್ಟು ಕಡೆ ಕೇಳಿದೀನೋ! ಯಾರು ಹಬ್ಬಿಸಿದ್ರೋ ಇದನ್ನ, ನನಗೆ ತಡ್ಕೊಳೋಕೆ ಆಗಲ್ಲ. ಅಲ್ಲೇ ಆ ಒಂಬತ್ತು ಗಂಟೆಯ ಊಟದ ಕಥೆ ಪೂರ್ತಿ ಹೇಳಿದೆ, ಇದನ್ನಿಟ್ಟುಕೊಂಡು ಬರೆದು ನೋಡಮ್ಮಾ ಅಂದೆ.

ಬರೆದ್ಲು. ಹೊಸದರಲ್ಲಿ ಬಾಗಿಲಿಗೆ ಬೀಗ ಇಲ್ಲ. ದಿನಾ ರಾತ್ರಿ ಅವನು ಜಗುಲಿ ಮೆಟ್ಟಿಲ ಮೇಲೆ ಕೂತ್ಕೊಂಡು ಕೇಳ್ತಾನೆ, ಅವಳು ಬೇಡ ಅಂತಾಳೆ, ಎದ್ದು ಹೋಗ್ತಾನೆ, ಕಾಲಿನ ಗೆಜ್ಜೆ ಸದ್ದು ಜಗುಲಿ ಉದ್ದಕ್ಕೂ ಹೋಗಿ ತಿರುವಿನಲ್ಲಿ ಒಂದು ಕ್ಷಣ ನಿಲ್ಲುತ್ತೆ, ಆಮೇಲೆ ಮುಂದೆ ಹೋಗುತ್ತೆ. ಮೊದಲ ರಾತ್ರಿ ಅವಳಿಗೆ ಆ ಸದ್ದು ದೂರ ಹೋದ್ರೆ ಸಾಕಾಗಿದೆ. ಕೆಲವು ದಿನ ಆದ್ಮೇಲೆ ತಿರುವಿನಲ್ಲಿ ಸದ್ದು ನಿಲ್ಲೋದನ್ನ ಕಾಯ್ತಾಳೆ. ಒಂದು ರಾತ್ರಿ ಗೆಜ್ಜೆ ಸದ್ದೇ ಬರಲ್ಲ. ಒಂಬತ್ತಾಯ್ತು, ಹತ್ತಾಯ್ತು, ಅವಳು ದೀಪ ಹಿಡ್ಕೊಂಡು ಮಳೇಲಿ ಹುಡುಕೋಕೆ ಹೊರಟ್ಲು. ಆ ಹುಡುಗಿ ಇದನ್ನ ನಮಗೆ ಓದ್ತಿರೋವಾಗ ಚಹಾ ಬಂದಿತ್ತು, ಒಬ್ಬರೂ ಕಪ್ ಮುಟ್ಟಲಿಲ್ಲ. ಈಗ ಹೇಳಿ, ಕೇಳಿದ್ರೆ ರೊಮ್ಯಾನ್ಸ್ ಹೋಯ್ತಾ? ಬೀಗ ಹಾಕಿದ ಮನೇಲಿ ಹುಡುಗಿ ಇದಾಳೆ ಅಂದ್ರೆ ಅವಳು ಇರೋದು ಬೀಗ ಇದೆ ಅಂತ. ಬಾಗಿಲು ತೆಗೆದಿದ್ದೂ ಇದಾಳೆ ಅಂದ್ರೆ ಓದೋರಿಗೆ ಎದೆ ಡಬಡಬ ಅನ್ನುತ್ತೆ. ಬೋಮಾಂಟ್ ಕಥೆಯಲ್ಲಿ ಅಪ್ಪನ್ನ ನೋಡೋಕೆ ಒಂದು ವಾರ ಹೋಗಿ ಬರ್ತೀನಿ ಅಂತ ಅವಳು ಕೇಳಿದಾಗ ಮೃಗ ಕಳಿಸಿಕೊಡ್ತಾನೆ, ಅವಳು ಬರದೇ ಹೋದ್ರೆ ತಾನು ಸಾಯ್ತೀನಿ ಅಂತ ಗೊತ್ತಿದ್ದೂ ಕಳಿಸ್ತಾನೆ. ಅದಕ್ಕೇ ಅವಳು ವಾಪಸ್ ಓಡಿ ಬಂದಾಗ ನಮಗೆ ಕಣ್ಣಲ್ಲಿ ನೀರು.

ಸ್ಟುಡಿಯೋದಲ್ಲಿ ಟೈಮ್ ಆಗ್ತಾ ಬಂತು ಅಂತ ಕೈ ತೋರಿಸ್ತಿದಾರೆ, ನಮ್ಮ ಕಡೆ ಕಥೆಗಳ ಬಗ್ಗೆ ಬೇಗ ಬೇಗ ಹೇಳ್ಬಿಡ್ತೀನಿ. ಎ.ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಸಂಗ್ರಹಿಸಿದ ಹೂಮರ ಆಗೋ ಹುಡುಗಿಯ ಕಥೆ ಇದೆಯಲ್ಲ, ಎರಡು ತಂಬಿಗೆ ನೀರಲ್ಲಿ ಮರ ಆಗಿ ಮತ್ತೆ ಹುಡುಗಿ ಆಗೋಳು, ಅದರಲ್ಲಿ ರಾಜಕುಮಾರ ಮದುವೆ ಆದ್ಮೇಲೆ ನನಗೋಸ್ಕರ ಮರ ಆಗು ಅಂತಾನೆ. ಅವಳು ಆಗಲ್ಲ ಅಂತ ತಪ್ಪಿಸಿಕೊಂಡ್ರೂ ಬಿಡಲ್ಲ, ಅವಳು ಕಣ್ಣೊರೆಸಿಕೊಂಡು ಒಪ್ತಾಳೆ. ಕಷ್ಟ ಶುರು ಆಗೋದೇ ಅಲ್ಲಿಂದ, ಆಮೇಲೆ ನಾದಿನಿಯೂ ಹಾಗೇ ಬಲವಂತ ಮಾಡ್ತಾಳೆ, ಕೊಂಬೆ ಮುರೀತಾರೆ, ಹುಡುಗಿ ಕೈಕಾಲಿಲ್ಲದೆ ಬಿದ್ದಿರ್ತಾಳೆ. ಗಿರೀಶ ಕಾರ್ನಾಡರ 1988ರ ನಾಗಮಂಡಲ ನಾಟಕದಲ್ಲೂ ಅಷ್ಟೇ, ನಾಗ ಗಂಡನ ರೂಪದಲ್ಲಿ ಬರ್ತಾನೆ, ತಾನು ಯಾರು ಅಂತ ಹೇಳಲ್ಲ, ರಾಣಿ ಅನ್ನೋ ಹೆಸರಿನ ಆ ಹೆಂಡತಿಗೆ ಬೇಡ ಅನ್ನೋ ಅವಕಾಶವೇ ಇಲ್ಲ, ಎಷ್ಟು ಪ್ರೀತಿ ಇದ್ರೂ ಒಂದು ಭಯ ಉಳಿದೇ ಉಳಿಯುತ್ತೆ. ಅಂದಹಾಗೆ ಕಾರ್ನಾಡರು 1938ರಲ್ಲಿ ಹುಟ್ಟಿದ್ದು ಇದೇ ಮಾಥೇರಾನ್‌ನಲ್ಲಿ, ಹೇಳಿದಾಗ ಮಾಥೇರಾನ್ ಕಥೆ ಬರೆದ ಹುಡುಗಿಗೆ ಬಹಳ ಖುಷಿ ಆಯ್ತು. ಇವೆರಡೂ ಯಾರಾದ್ರೂ ಫ್ಯಾಂಟಸಿ ಮಾಡಿ ಬರೀರಿ, ದಯವಿಟ್ಟು. ಆ ರಾಜಕುಮಾರ ಮೊದಲು ಕೇಳಿ, ಇಲ್ಲ ಅಂದಾಗ ನೀರಿನ ತಂಬಿಗೆ ಪಕ್ಕಕ್ಕೆ ಇಟ್ಟಿದ್ರೆ ಕಥೆ ಎಲ್ಲಿಗೆ ಹೋಗ್ತಿತ್ತು?

ಕೊನೆಗೆ ಮೃಗ ಚೆಂದದ ರಾಜಕುಮಾರ ಆಗ್ಲೇಬೇಕಾ ಅಂತ ತುಂಬಾ ಜನ ಕೇಳ್ತಾರೆ. ನಿಮ್ಮಿಷ್ಟ. ಬಣ್ಣ ಹೋಗದಿದ್ರೂ ನನಗೇನೂ ಬೇಜಾರಿಲ್ಲ, ಅವಳು ಹೂಂ ಅಂದಿರಬೇಕು ಅಷ್ಟೇ. ಕಥೆಯ ಹುಡುಗಿಯ ಹೊಟ್ಟೆಕಿಚ್ಚಿನ ಅಕ್ಕಂದಿರ ವಿಷಯ ಹೇಳೋಕೆ ಟೈಮೇ ಸಿಗಲಿಲ್ಲ, ಬೋಮಾಂಟ್ ಅವರಿಬ್ಬರನ್ನೂ ಕಲ್ಲಿನ ಬೊಂಬೆ ಮಾಡಿ ತಂಗಿಯ ಅರಮನೆ ಬಾಗಿಲಲ್ಲಿ ನಿಲ್ಲಿಸಿಬಿಡ್ತಾರೆ, ನನಗೆ ಅದು ಯಾವತ್ತೂ ಸರಿ ಅನಿಸಿಲ್ಲ. ನೀವು ಬರೆಯೋವಾಗ ಆ ಇಬ್ಬರನ್ನ ಮನುಷ್ಯರಾಗೇ ಉಳಿಸಿ, ಐಫೋನ್ ಕೇಳಿದವಳಿಗೂ ಬೇಕಾದ್ರೆ ಒಂದು ಕಂತು ಕೊಡಿ. ನಮಸ್ಕಾರ.